ಆಕ್ಸಿಡೆಂಟ್ ಅಣು ಕೆಟ್ಟದ್ದಾದರೆ, ಅದಿಲ್ಲದ ನನ್ನ ಮಗನಿಗೆ ಯಾಕೆ ಕಾಯಿಲೆ?

ಪ್ರಶ್ನೆ: ನಮ್ಮದು ಶಿರಸಿ ಕಡೆಯ ಹಳ್ಳಿ. ಮಗನಿಗೆ ಮೂರೂವರೆ ವರ್ಷ. ಹುಟ್ಟಿದಾಗ ಎಡ ತೋಳಿಗೆ ಟಿಬಿ ತಡೆಯುವ ಬಿಸಿಜಿ ಲಸಿಕೆ ಹಾಕಿಸಿದ ಮೇಲೆ ಎಡ ಕಂಕುಳಲ್ಲಿ ಗಡ್ಡೆಯಾಗಿ ತಿಂಗಳುಗಟ್ಟಲೆ ಕೀವು ಸೋರಿತು. ಆಮೇಲೆ ಕುತ್ತಿಗೆಯಲ್ಲಿ ಬಾವು. ಈಗ ಲಿವರ್‌ನಲ್ಲಿ ಕೀವು ತುಂಬಿದೆ. ಡಿಎಚ್‌ಆರ್ ಎಂಬ ರಕ್ತಪರೀಕ್ಷೆ ಮಾಡಿ ಸಿಜಿಡಿ (ಕ್ರಾನಿಕ್ ಗ್ರ್ಯಾನುಲೋಮ್ಯಾಟಸ್ ಡಿಸೀಸ್) ಎಂಬ ಕಾಯಿಲೆ ಎಂದರು. ಬಿಳಿ ರಕ್ತಕಣಗಳಲ್ಲಿ ಆಕ್ಸಿಡೆಂಟ್ ಎಂಬ ಅಣು ತಯಾರಾಗುತ್ತಿಲ್ಲವಂತೆ. ಆದರೆ ಟಿವಿಯಲ್ಲಿ ಆಕ್ಸಿಡೆಂಟ್ ದೇಹದ ಶತ್ರು ಅಂತಾರೆ. ಹಾಗಾದರೆ ನನ್ನ ಮಗ ಬೇರೆಯವರಿಗಿಂತ ಆರೋಗ್ಯವಾಗಿ ಇರಬೇಕಿತ್ತು ಅಲ್ವಾ? ಒಂದು ವರ್ಷದಿಂದ ಅವನಿಗೆ ಆಂಟಿಆಕ್ಸಿಡೆಂಟ್ ಸಿರಪ್ ಕೊಡುತ್ತಿದ್ದೆ, ಅದರಿಂದಲೇ ಹೀಗಾಯಿತಾ? ನನಗೂ ಬಿಸಿಲಿಗೆ ಹೋದರೆ ಮುಖದ ಮೇಲೆ ಕೆಂಪು ದದ್ದು ಏಳುತ್ತದೆ, ಬಾಯಲ್ಲಿ ಹುಣ್ಣಾಗುತ್ತದೆ. ಇದಕ್ಕೂ ಅದಕ್ಕೂ ಸಂಬಂಧವಿದೆಯಾ? ನನ್ನ ತಂಗಿ ಈಗ ಆರು ತಿಂಗಳ ಗರ್ಭಿಣಿ. ಅವಳಿಗೆ ಹೇಳಬೇಕಾ?

ಉತ್ತರ: ತಾಯಿ, ಮೊದಲು ಸಿರಪ್ ವಿಷಯ ಹೇಳಿಬಿಡುತ್ತೇನೆ. ಆ ಸಿರಪ್‌ನಿಂದ ಈ ಕಾಯಿಲೆ ಬಂದಿಲ್ಲ. ಇದು ಹುಟ್ಟುವಾಗಲೇ ಜೀನ್‌ನಲ್ಲಿ ಇದ್ದ ದೋಷ. ಕಂಕುಳ ಗಡ್ಡೆ ಬಂದದ್ದು ಸಿರಪ್ ಶುರುಮಾಡುವುದಕ್ಕೂ ಎಷ್ಟೋ ಮುಂಚೆ. ನೀವು ಏನೂ ತಪ್ಪು ಮಾಡಿಲ್ಲ. ಸಿರಪ್ ನಿಲ್ಲಿಸಿ, ಅದರ ಚಿಂತೆಯನ್ನೂ ಬಿಡಿ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ವೈದ್ಯ ವಿದ್ಯಾರ್ಥಿಗಳೂ ಇದನ್ನು ಇಷ್ಟು ನೇರವಾಗಿ ಕೇಳುವುದು ಕಡಿಮೆ. ಆಕ್ಸಿಡೆಂಟ್ ಎಂದರೆ ಬೇರೆ ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಅವನ್ನು ಕೆಡಿಸಬಲ್ಲ ಚುರುಕು ಅಣು. ಅದನ್ನು ತಣಿಸುವುದು ಆಂಟಿಆಕ್ಸಿಡೆಂಟ್. ಆಕ್ಸಿಡೆಂಟ್ ಶತ್ರುವಾಗಿದ್ದರೆ ಅದಿಲ್ಲದ ಮಗು ಆರೋಗ್ಯವಾಗಿರಬೇಕಿತ್ತು. ಇಲ್ಲ. ಅಂದರೆ ಶತ್ರು ಎನ್ನುವ ಮಾತೇ ತಪ್ಪು ಎಂದಾಯಿತು.

ನಿಮ್ಮೂರಲ್ಲಿ ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಆ ಪುಡಿ ನೀರಿಗೆ ಬಿದ್ದಾಗ ಹೈಪೋಕ್ಲೋರಸ್ ಆಮ್ಲ ಎಂಬ ಅಣು ಹುಟ್ಟುತ್ತದೆ. ರೋಗಾಣು ಕೊಲ್ಲುವುದು ಅದೇ. ಅಚ್ಚರಿಯ ಮಾತು ಏನೆಂದರೆ, ಅದೇ ಅಣುವನ್ನು ನಮ್ಮ ಬಿಳಿ ರಕ್ತಕಣವೂ ತಯಾರಿಸುತ್ತದೆ. ಹೋಲಿಕೆಗೆ ಹೇಳುತ್ತಿಲ್ಲ, ನಿಜವಾಗಿಯೂ ಅದೇ ಅಣು. ಪುಡಿ ಹಾಕದಿದ್ದರೆ ವಾಂತಿ ಭೇದಿ. ಜಾಸ್ತಿ ಹಾಕಿದರೆ ಗಂಟಲು ಉರಿ. ಅಂಗಳಕ್ಕೆ ಚೆಲ್ಲಿದರೆ ಗಿಡ ಸುಟ್ಟುಹೋಗುತ್ತದೆ. ಬಾವಿಗೆ, ಬೇಕಾದಾಗ, ಬೇಕಾದಷ್ಟೇ ಬೀಳಬೇಕು. ಮೈಯೊಳಗಿನ ಆಕ್ಸಿಡೆಂಟ್‌ಗೂ ಇದೇ ಲೆಕ್ಕ.

ಈ ಕೆಲಸದಲ್ಲಿ ಮುಂದೆ ನಿಲ್ಲುವ ಬಿಳಿ ರಕ್ತಕಣದ ಹೆಸರು ನ್ಯೂಟ್ರೋಫಿಲ್. ನಮ್ಮ ಮೂಳೆಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ. ಕಾಲಿಗೆ ಮುಳ್ಳು ಚುಚ್ಚಿ ಬ್ಯಾಕ್ಟೀರಿಯಾ ಒಳಹೊಕ್ಕರೆ ಇವು ಓಡಿಬಂದು ಅದನ್ನು ನುಂಗುತ್ತವೆ. ನುಂಗಿದರೆ ಅರ್ಧ ಕೆಲಸ ಮಾತ್ರ ಆದಂತೆ. ಕೊಲ್ಲುವುದು ಬಾಕಿ ಇದೆ.

1933ರಲ್ಲೇ ಸಂಶೋಧಕರು ನಾಯಿಯ ಬಿಳಿ ರಕ್ತಕಣಗಳಲ್ಲಿ ಒಂದು ವಿಚಿತ್ರ ನೋಡಿದ್ದರು. ಬ್ಯಾಕ್ಟೀರಿಯಾ ನುಂಗಿದ ತಕ್ಷಣ ಕಣಗಳು ಸಿಕ್ಕಾಪಟ್ಟೆ ಆಕ್ಸಿಜನ್ ಎಳೆದುಕೊಳ್ಳುತ್ತಿದ್ದವು. ನುಂಗಲು ಶಕ್ತಿ ಬೇಕು, ಅದಕ್ಕೇ ಇರಬೇಕು ಎಂದುಕೊಂಡರು. ಆದರೆ ಉಸಿರಾಟ ನಿಲ್ಲಿಸುವ ಸಯನೈಡ್ ಹಾಕಿದರೂ ಈ ಎಳೆದಾಟ ನಿಲ್ಲುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಅಂದರೆ ಆ ಆಕ್ಸಿಜನ್ ಶಕ್ತಿಗಾಗಿ ಖರ್ಚಾಗುತ್ತಿರಲಿಲ್ಲ. ಆಯುಧ ಮಾಡಲು ಹೋಗುತ್ತಿತ್ತು.

ಆ ಆಯುಧ ಮಾಡುವ ಯಂತ್ರದ ಹೆಸರು ಎನ್‌ಎಡಿಪಿಎಚ್ ಆಕ್ಸಿಡೇಸ್. ಅದಕ್ಕೆ ಐದು ಮುಖ್ಯ ಭಾಗಗಳು. ಎರಡು ಕಣದ ಪೊರೆಯಲ್ಲಿ ಕೂತಿರುತ್ತವೆ, ಮೂರು ಒಳಗೆ ಬೇರೆ ಇರುತ್ತವೆ. ಸುಮ್ನೆ ಇರುವಾಗ ಇವು ಕೂಡುವುದೇ ಇಲ್ಲ. ಬ್ಯಾಕ್ಟೀರಿಯಾ ನುಂಗಿದಾಗ ಮಾತ್ರ ಒಟ್ಟಾಗಿ ಬಂದು ಜೋಡಿಕೊಳ್ಳುತ್ತವೆ. ದೇಹಕ್ಕೇ ಈ ಯಂತ್ರದ ಮೇಲೆ ಎಷ್ಟು ಭಯ ಇದೆ ನೋಡಿ, ಬಿಡಿಬಿಡಿಯಾಗಿ ಇಟ್ಟುಕೊಂಡಿದೆ. ಜೋಡಿಕೊಂಡ ಮೇಲೆ ಅದು ಆಕ್ಸಿಜನ್‌ಗೆ ಒಂದು ಎಲೆಕ್ಟ್ರಾನ್ ದಾಟಿಸುತ್ತದೆ. ಆಗ ಹುಟ್ಟುವುದು ಸೂಪರ್ ಆಕ್ಸೈಡ್. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್. ಅದಕ್ಕೆ ಮೈಯಲ್ಲಿರುವ ಉಪ್ಪಿನ ಕ್ಲೋರೈಡ್ ಸೇರಿಸಿ ಹೈಪೋಕ್ಲೋರಸ್ ಆಮ್ಲ ಮಾಡುವುದು ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ. ಆ ಕಿಣ್ವದ ಬಣ್ಣ ಹಸಿರು. ಕೀವಿಗೆ ಒಂದು ಹಸಿರು ಛಾಯೆ ಇರುತ್ತದಲ್ಲ, ಅದು ಬರುವುದು ಬಹುಮಟ್ಟಿಗೆ ಇದರಿಂದಲೇ.

ನಿಮ್ಮ ಮಗನಲ್ಲಿ ಈ ಯಂತ್ರದ ಒಂದು ಭಾಗ ಇಲ್ಲ, ಇಲ್ಲವೇ ಕೆಟ್ಟಿದೆ. ಅವನ ನ್ಯೂಟ್ರೋಫಿಲ್ ಓಡಿಬರುತ್ತದೆ, ನುಂಗುತ್ತದೆ. ಕೊಲ್ಲಲು ಆಗುವುದಿಲ್ಲ. ಬದುಕಿದ ಬ್ಯಾಕ್ಟೀರಿಯಾವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸಾಯುತ್ತದೆ. ಮತ್ತೆ ಹೊಸ ಕಣಗಳು ಬರುತ್ತವೆ. ಹಾಗೇ ಗುಡ್ಡೆಯಾಗಿ ಕೀವಿನ ಗಡ್ಡೆ ಕಟ್ಟುತ್ತದೆ. ಬಿಸಿಜಿಯಲ್ಲಿರುವುದು ಜೀವಂತ ಆದರೆ ಸೊರಗಿಸಿದ ಬ್ಯಾಕ್ಟೀರಿಯಾ. ಬೇರೆ ಮಕ್ಕಳಿಗೆ ಅದು ಏನೂ ಮಾಡದು. ಇವನ ಕಣಗಳಿಗೆ ಅದನ್ನೂ ಮುಗಿಸಲಾಗಲಿಲ್ಲ. ನಮ್ಮ ದೇಶದಲ್ಲಿ ಹುಟ್ಟಿದ ಕೂಡಲೇ ಬಿಸಿಜಿ ಹಾಕುವುದರಿಂದ ಎಷ್ಟೋ ಸಿಜಿಡಿ ಮಕ್ಕಳಲ್ಲಿ ಮೊದಲ ಸುಳಿವು ಸಿಗುವುದು ಆ ಕಂಕುಳಲ್ಲೇ.

ನಾನು ಕಲಿಯುವಾಗ ಡಿಎಚ್‌ಆರ್ ನಮಗೆ ಸಿಗುತ್ತಿರಲಿಲ್ಲ. ಎನ್‌ಬಿಟಿ ಎಂಬ ಹಳೆಯ ಪರೀಕ್ಷೆ ಮಾಡುತ್ತಿದ್ದೆವು. ಗಾಜಿನ ಸ್ಲೈಡ್ ಮೇಲೆ ಒಂದು ಹನಿ ರಕ್ತ ಹಾಕಿ ಮೈಬಿಸಿಯಷ್ಟು ಶಾಖದಲ್ಲಿ ಇಡಬೇಕು. ನ್ಯೂಟ್ರೋಫಿಲ್‌ಗಳು ಗಾಜಿಗೆ ಅಂಟಿಕೊಳ್ಳುತ್ತವೆ. ಕೆಂಪು ಕಣಗಳನ್ನು ಮೆಲ್ಲಗೆ ತೊಳೆದು ಮೇಲೆ ತಿಳಿ ಹಳದಿ ಬಣ್ಣದ ದ್ರಾವಣ ಹಾಕಬೇಕು. ಸೂಪರ್ ಆಕ್ಸೈಡ್ ಹುಟ್ಟಿದ ಕಣದೊಳಗೆ ಆ ಹಳದಿ ಗಟ್ಟಿಯಾಗಿ ಕಪ್ಪುನೀಲಿ ಹರಳಾಗುತ್ತದೆ. ಮೊದಲ ಬಾರಿ ಒಂದು ಸಿಜಿಡಿ ಮಗುವಿನ ಸ್ಲೈಡ್ ನೋಡಿದ್ದು ನನಗಿನ್ನೂ ಮರೆತಿಲ್ಲ. ಕಣಗಳೆಲ್ಲ ಚೆನ್ನಾಗಿವೆ, ಅಂಟಿಕೊಂಡಿವೆ, ಕೈಕಾಲು ಚಾಚಿವೆ. ಒಂದೇ ಒಂದು ಕಣವೂ ಕಪ್ಪಾಗಿಲ್ಲ. ಆಮೇಲೆ ಅದೇ ಮಗುವಿನ ತಾಯಿಯ ಸ್ಲೈಡ್ ಇಟ್ಟೆವು. ಅದರಲ್ಲಿ ಅಕ್ಕಪಕ್ಕದಲ್ಲೇ ಒಂದು ಕಣ ಕಪ್ಪು, ಒಂದು ಬೆಳ್ಳಗೆ, ಮತ್ತೊಂದು ಕಪ್ಪು. ನಿಮ್ಮ ಮುಖದ ದದ್ದಿನ ಉತ್ತರ ಆ ಸ್ಲೈಡ್‌ನಲ್ಲಿದೆ. ಸ್ವಲ್ಪ ತಾಳಿ, ಅಲ್ಲಿಗೇ ಬರುತ್ತೇನೆ.

ಈ ಕಾಯಿಲೆಯನ್ನು 1957ರಲ್ಲಿ ಅಮೆರಿಕದ ಮಿನೆಸೋಟದ ವೈದ್ಯರು ಗಂಡುಮಕ್ಕಳಲ್ಲಿ ಗುರುತಿಸಿ ಬರೆದಾಗ ಅದರ ಹೆಸರಿನಲ್ಲೇ ‘ಮಾರಕ’ ಎಂಬ ಪದ ಇತ್ತು. ಈಗ ಆ ಪದ ಇಲ್ಲ. ಬೇಗ ಗುರುತಿಸಿ ಔಷಧಿ ತಪ್ಪಿಸದೆ ಕೊಟ್ಟರೆ ಈ ಮಕ್ಕಳು ಬೆಳೆದು ದೊಡ್ಡವರಾಗುತ್ತಾರೆ. ಅಂತರ್ಜಾಲದಲ್ಲಿ ಹಳೆಯ ಹೆಸರು ಕಂಡು ಹೆದರಬೇಡಿ.

ಸಿಜಿಡಿಯಲ್ಲಿ ಇನ್ನೊಂದು ಸಂಗತಿ ಇದೆ. ನನಗೆ ಅದೇ ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸಿದ್ದು. ಆಕ್ಸಿಡೆಂಟ್ ಉರಿಯೂತ ಜಾಸ್ತಿ ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹಾಗಿದ್ದರೆ ಅದು ಇಲ್ಲದ ಮಕ್ಕಳಲ್ಲಿ ಉರಿಯೂತ ಕಡಿಮೆ ಇರಬೇಕು. ಆದರೆ ಈ ಮಕ್ಕಳಲ್ಲಿ ಅನೇಕರಿಗೆ ರೋಗಾಣುವೇ ಇಲ್ಲದ ಕಡೆಯೂ ಉರಿಯೂತ ಎದ್ದು ಇಳಿಯುವುದೇ ಇಲ್ಲ. ಕರುಳು ಕ್ರೋನ್ಸ್ ಕಾಯಿಲೆಯ ಹಾಗೆ ಕೆಂಪಾಗಿ ಹುಣ್ಣಾಗುತ್ತದೆ. ಜಠರದ ಬಾಯಿಯಲ್ಲೋ ಮೂತ್ರದ ದಾರಿಯಲ್ಲೋ ಗಂಟು ಬೆಳೆದು ಅಡ್ಡವಾಗುತ್ತದೆ. ಅಂದರೆ ಆಕ್ಸಿಡೆಂಟ್‌ಗಳು ಜಗಳ ಶುರುಮಾಡುವುದು ಮಾತ್ರವಲ್ಲ, ‘ಸಾಕು, ನಿಲ್ಲಿಸಿ’ ಎಂದು ಹೇಳುವುದರಲ್ಲೂ ಅವುಗಳ ಕೈ ಇದೆ. 2003ರಲ್ಲಿ ಸ್ವೀಡನ್ನಿನ ಸಂಶೋಧಕರು ಇಲಿಗಳಲ್ಲಿ ಕೀಲುವಾತ ತೀವ್ರವಾಗಲು ಕಾರಣವಾದ ಜೀನ್ ಹುಡುಕುತ್ತಾ ಹೋದರು. ಸಿಕ್ಕಿದ್ದು ಇದೇ ಯಂತ್ರದ ಒಂದು ಭಾಗದ ಜೀನ್. ಯಾವ ಇಲಿಗಳಲ್ಲಿ ಆಕ್ಸಿಡೆಂಟ್ ಕಡಿಮೆ ತಯಾರಾಗುತ್ತಿತ್ತೋ ಅವಕ್ಕೇ ಕೀಲುವಾತ ಜಾಸ್ತಿ. ಆಮೇಲೆ ಮನುಷ್ಯರಲ್ಲೂ ಅದೇ ಜೀನಿನ ಒಂದು ದುರ್ಬಲ ರೂಪಕ್ಕೂ ಲೂಪಸ್ ಕಾಯಿಲೆಗೂ ನಂಟು ಕಂಡಿತು. ಲೂಪಸ್ ಎಂದರೆ ರೋಗನಿರೋಧಕ ವ್ಯವಸ್ಥೆ ತನ್ನ ಮೈಯ ಮೇಲೇ ತಿರುಗಿಬೀಳುವ ಕಾಯಿಲೆ.

ಹಾಗಾದರೆ ಅಣುವೊಂದು ಮಾತನ್ನು ದಾಟಿಸುವುದು ಹೇಗೆ? ಹೈಡ್ರೋಜನ್ ಪೆರಾಕ್ಸೈಡ್ ಪುಟ್ಟ ಅಣು. ಒಂದು ಜೀವಕೋಶದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತದೆ. ಅಲ್ಲಿ ಕೆಲವು ಪ್ರೋಟೀನ್‌ಗಳಲ್ಲಿರುವ ಗಂಧಕದ ತುದಿಯನ್ನು ಮುಟ್ಟಿ ತಾತ್ಕಾಲಿಕವಾಗಿ ಮಂಕು ಮಾಡುತ್ತದೆ. ಹಾಗೆ ಮಂಕಾಗುವ ಪ್ರೋಟೀನ್‌ಗಳಲ್ಲಿ ಎಷ್ಟೋ ‘ಬ್ರೇಕ್’ ಕೆಲಸ ಮಾಡುವಂಥವು. ಬ್ರೇಕ್ ಸಡಿಲವಾದರೆ ಜೀವಕೋಶ ಎಚ್ಚರವಾಗುತ್ತದೆ. ಟಿ ಕಣಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ರೋಗಾಣು ಕಂಡು ಸಂಖ್ಯೆ ಹೆಚ್ಚಿಸಿಕೊಳ್ಳಲು ಕೂಡ ಸ್ವಲ್ಪ ಆಕ್ಸಿಡೆಂಟ್ ಬೇಕು. 2009ರಲ್ಲಿ ಜೀಬ್ರಾ ಮೀನಿನ ಮರಿಗಳ ಬಾಲದ ತುದಿ ಕತ್ತರಿಸಿ ನೋಡಿದರು. ಈ ಮರಿಗಳ ಮೈ ಗಾಜಿನಂತೆ ಪಾರದರ್ಶಕ, ಒಳಗೆ ನಡೆಯುವುದೆಲ್ಲ ಕಾಣುತ್ತದೆ. ಗಾಯದ ಅಂಚಿನಿಂದ ಮೊದಲು ಹರಡಿದ್ದು ಹೈಡ್ರೋಜನ್ ಪೆರಾಕ್ಸೈಡ್. ಕೆಲವೇ ನಿಮಿಷಗಳಲ್ಲಿ. ಬಿಳಿ ಕಣಗಳು ಅದರ ಜಾಡು ಹಿಡಿದು ಆಮೇಲೆ ಬಂದವು. ಆ ಅಣು ತಯಾರಾಗದಂತೆ ತಡೆದರೆ ಕಣಗಳಿಗೆ ದಾರಿಯೇ ಗೊತ್ತಾಗಲಿಲ್ಲ.

ಜಾಸ್ತಿಯಾದರೆ ಏನಾಗುತ್ತದೆ ಎಂಬುದೂ ಸುಳ್ಳಲ್ಲ. ಟಿವಿಯವರು ಪೂರ್ತಿ ತಪ್ಪು ಹೇಳುತ್ತಿಲ್ಲ, ಅರ್ಧ ಮಾತ್ರ ಹೇಳುತ್ತಿದ್ದಾರೆ. ಬೀಡಿ ಸಿಗರೇಟು ಸೇದುವವರ ಶ್ವಾಸಕೋಶಕ್ಕೆ ಹೊಗೆಯ ಆಕ್ಸಿಡೆಂಟ್ ಜೊತೆಗೆ, ಅಲ್ಲಿಗೆ ಓಡಿಬಂದ ನ್ಯೂಟ್ರೋಫಿಲ್‌ಗಳ ಆಕ್ಸಿಡೆಂಟ್ ಕೂಡ ಸೇರುತ್ತದೆ. ಶ್ವಾಸಕೋಶದ ಗೋಡೆಯನ್ನು ಕಾಯುವ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನ್ ಇದರಿಂದ ನಿಷ್ಕ್ರಿಯವಾಗುತ್ತದೆ. ಕಾವಲು ತಪ್ಪಿದ ಮೇಲೆ ಗಾಳಿಚೀಲದ ಗೋಡೆಗಳು ಒಂದೊಂದಾಗಿ ಕರಗುತ್ತವೆ, ಉಬ್ಬಸ ಶುರುವಾಗುತ್ತದೆ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಆಕ್ಸಿಡೀಕರಣವಾದರೆ ಅದನ್ನು ಕಸವೆಂದು ತಿಳಿದು ನುಂಗುವ ಬಿಳಿ ಕಣಗಳು ಅಲ್ಲೇ ಉಬ್ಬಿ ಕೂತು ನಾಳ ಕಟ್ಟಿಕೊಳ್ಳುತ್ತದೆ.

ಆದರೆ ‘ಜಾಸ್ತಿಯಾದರೆ ಕೆಟ್ಟದ್ದು’ ಎನ್ನುವುದರಿಂದ ‘ಆಂಟಿಆಕ್ಸಿಡೆಂಟ್ ಮಾತ್ರೆ ಒಳ್ಳೆಯದು’ ಎನ್ನುವವರೆಗೆ ಹಾರಿದ್ದು ದೊಡ್ಡ ತಪ್ಪು. ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ, ಯಾಕೆಂದರೆ ಪರೀಕ್ಷೆ ಮಾಡಿ ನೋಡಿದ್ದಾರೆ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ನಡೆದ ಅಧ್ಯಯನದ ಫಲ 1994ರಲ್ಲಿ ಬಂತು. ಬೀಟಾ ಕ್ಯಾರೊಟೀನ್ ಎಂಬ ಆಂಟಿಆಕ್ಸಿಡೆಂಟ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು 18% ಜಾಸ್ತಿಯಾಗಿತ್ತು. ವಿಟಮಿನ್ ಇ ಮಾತ್ರೆಯನ್ನು ದೊಡ್ಡ ಪ್ರಮಾಣದಲ್ಲಿ ತಿಂದ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17% ಜಾಸ್ತಿ ಎಂದು 2011ರಲ್ಲಿ ತಿಳಿಯಿತು. ರಕ್ತಕ್ಕೆ ಸೋಂಕು ಹರಡಿ ಐಸಿಯು ಸೇರಿದವರಲ್ಲಿ ಆಕ್ಸಿಡೆಂಟ್ ಮಿತಿಮೀರಿ ಅಂಗಾಂಗ ಕೆಡುತ್ತದೆ ಎಂಬುದು ನಿಜ. ಹಾಗಾಗಿ ನರಕ್ಕೆ ವಿಟಮಿನ್ ಸಿ ಕೊಟ್ಟರೆ ಉಳಿದಾರು ಎಂದು ನಾವೆಲ್ಲ ಬಹಳ ಆಸೆ ಇಟ್ಟುಕೊಂಡಿದ್ದೆವು. 2022ರಲ್ಲಿ 872 ರೋಗಿಗಳ ಅಧ್ಯಯನ ಪ್ರಕಟವಾಯಿತು. ಒಂದು ತಿಂಗಳೊಳಗೆ ತೀರಿಕೊಂಡವರು ಅಥವಾ ಅಂಗ ಕೆಟ್ಟೇ ಉಳಿದವರು ವಿಟಮಿನ್ ಸಿ ಗುಂಪಿನಲ್ಲೇ ಹೆಚ್ಚು: 44.5%, ಕೊಡದವರಲ್ಲಿ 38.5%. ಆ ಅಂಕಿ ಓದಿದ ದಿನ ನನಗೆ ನಿಜಕ್ಕೂ ಬೇಸರವಾಗಿತ್ತು.

ದೇಹಕ್ಕೆ ತನ್ನದೇ ಆದ ಆಂಟಿಆಕ್ಸಿಡೆಂಟ್ ವ್ಯವಸ್ಥೆ ಇದೆ. ಮೊಣಕಾಲು ತರಚಿದಾಗ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬುಸ್ಸೆಂದು ನೊರೆ ಬರುತ್ತದಲ್ಲ? ಅದು ನಮ್ಮ ರಕ್ತದ ಮತ್ತು ಮಾಂಸದ ಕೆಟಲೇಸ್ ಎಂಬ ಕಿಣ್ವ ಅದನ್ನು ನೀರು ಮತ್ತು ಆಕ್ಸಿಜನ್ ಆಗಿ ಒಡೆಯುವ ನೊರೆ. ಒಂದು ಕೆಟಲೇಸ್ ಸೆಕೆಂಡಿಗೆ ಲಕ್ಷಗಟ್ಟಲೆ ಅಣುಗಳನ್ನು ಒಡೆಯಬಲ್ಲದು. ಅದರ ಮುಂದೆ ಒಂದು ಚಮಚ ಸಿರಪ್ ಏನು ಮಾಡೀತು? ನೆಲ್ಲಿಕಾಯಿ, ಪೇರಳೆ, ಬಸಳೆ, ಹರಿವೆ ಎಲ್ಲವನ್ನೂ ಮಗನಿಗೆ ಧಾರಾಳವಾಗಿ ಕೊಡಿ, ಚೆನ್ನಾಗಿ ತೊಳೆದು. ಅದು ಊಟ. ಬಾಟಲಿಯಲ್ಲಿ ಬರುವುದು ಬೇಡ.

ನಿಮ್ಮ ವೈದ್ಯರನ್ನು ಒಂದು ಮಾತು ಕೇಳಿ: ಜಿ6ಪಿಡಿ ಪರೀಕ್ಷೆ ಆಗಿದೆಯಾ? ಕಾರಣ ಹೇಳುತ್ತೇನೆ. ಆ ಯಂತ್ರಕ್ಕೆ ಎಲೆಕ್ಟ್ರಾನ್ ಕೊಡುವುದು ಎನ್‌ಎಡಿಪಿಎಚ್ ಎಂಬ ಅಣು. ಆಕ್ಸಿಡೆಂಟ್‌ನಿಂದ ಕೆಂಪು ರಕ್ತಕಣವನ್ನು ಕಾಪಾಡುವುದಕ್ಕೂ ಅದೇ ಎನ್‌ಎಡಿಪಿಎಚ್ ಬೇಕು. ಕತ್ತಿಗೂ ಗುರಾಣಿಗೂ ದುಡ್ಡು ಒಂದೇ ಕಿಸೆಯಿಂದ. ಆ ಕಿಸೆ ತುಂಬಿಸುವುದರಲ್ಲಿ ಜಿ6ಪಿಡಿ ಕಿಣ್ವದ್ದು ದೊಡ್ಡ ಪಾಲು. ಅದು ತೀರಾ ಕಡಿಮೆ ಇದ್ದರೆ ಡಿಎಚ್‌ಆರ್ ಪರೀಕ್ಷೆ ಸಿಜಿಡಿಯ ಹಾಗೇ ಕಾಣಬಹುದು. ಜೊತೆಗೆ, ಇವನಿಗೆ ದಿನಾ ಕೊಡಬೇಕಾದ ಕೋಟ್ರೈಮಾಕ್ಸಜೋಲ್ ಸಲ್ಫಾ ಔಷಧಿ. ಜಿ6ಪಿಡಿ ಕಡಿಮೆ ಇರುವವರಿಗೆ ಅದನ್ನು ಕೊಡುವಾಗ ಕೆಂಪು ರಕ್ತಕಣ ಒಡೆಯದಂತೆ ಎಚ್ಚರ ಬೇಕು.

ಕೋಟ್ರೈಮಾಕ್ಸಜೋಲ್ ಬ್ಯಾಕ್ಟೀರಿಯಾ ತಡೆಯಲು, ಇಟ್ರಾಕೊನಜೋಲ್ ಬೂಷ್ಟು ತಡೆಯಲು. ಮಗು ಆಡಿಕೊಂಡು ಚೆನ್ನಾಗಿದ್ದರೂ ಇವೆರಡನ್ನು ಒಂದು ದಿನವೂ ತಪ್ಪಿಸಬೇಡಿ. ಜ್ವರ ಬಂದರೆ ನಾಳೆ ನೋಡೋಣ ಎನ್ನಬೇಡಿ. ಈ ಮಕ್ಕಳಲ್ಲಿ ದೊಡ್ಡ ಸೋಂಕು ಇದ್ದರೂ ಕೆಲವೊಮ್ಮೆ ಜ್ವರ ಅಷ್ಟೇನೂ ಏರುವುದಿಲ್ಲ. ಊಟ ಬಿಟ್ಟರೆ, ಸುಸ್ತಾದರೆ ಅದೂ ಸುಳಿವೇ.

ನೀವು ಅಡಿಕೆ ತೋಟದ ಸೀಮೆಯವರು. ಹಾಗಾಗಿ ಇದನ್ನು ಒತ್ತಿ ಹೇಳುತ್ತೇನೆ. ದರಕು (ಒಣ ಎಲೆ) ಗುಡಿಸುವಾಗ, ಕೊಟ್ಟಿಗೆಗೆ ಸೊಪ್ಪು ಹಾಸುವಾಗ, ಗೊಬ್ಬರಗುಂಡಿ ಕೆದಕುವಾಗ ಮಗ ಹತ್ತಿರ ಇರಲೇಬಾರದು. ಕೊಳೆತ ಎಲೆಯಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಕಣ ರಾಶಿರಾಶಿಯಾಗಿರುತ್ತದೆ. ನಿಮಗೆ ಒಂದು ಸೀನು ಬಂದು ಹೋಗುತ್ತದೆ. ಅವನಿಗೆ ಕೆಲವೇ ದಿನಗಳಲ್ಲಿ ಎರಡೂ ಶ್ವಾಸಕೋಶ ತುಂಬಿ ಜೀವಕ್ಕೇ ಬರಬಹುದು. ಅಕಸ್ಮಾತ್ ಹಾಗೆ ಆಡಿಬಿಟ್ಟರೆ ಕೆಮ್ಮು ಶುರುವಾಗುವವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ. ಬೂಷ್ಟು ಹಿಡಿದ ಅಡಿಕೆ ಚೀಲ, ಹಳೆಯ ಹುಲ್ಲುಮೆದೆ ಕೂಡ ದೂರ. ಕೆರೆ, ಹೊಂಡ, ಗದ್ದೆಯ ಕೆಸರಲ್ಲಿ ಆಡುವುದೂ ಬೇಡ. ನಮ್ಮಂಥ ಬಿಸಿ ಸೀಮೆಯ ಮಣ್ಣುನೀರಿನಲ್ಲಿ ಇರುವ ಕ್ರೋಮೋಬ್ಯಾಕ್ಟೀರಿಯಂ ಎಂಬ ನೇರಳೆ ಬಣ್ಣದ ಬ್ಯಾಕ್ಟೀರಿಯಾ ಇಂಥ ಮಕ್ಕಳನ್ನೇ ಹಿಡಿಯುವುದು ಜಾಸ್ತಿ. ಚೆನ್ನಾಗಿ ಕ್ಲೋರಿನ್ ಹಾಕಿದ ನೀರಿನಲ್ಲಿ ಈಜಬಹುದು. ಅವನ ಕಣ ಮಾಡಲಾಗದ ಕೆಲಸವನ್ನು ಅಲ್ಲಿ ಕ್ಲೋರಿನ್ ಮಾಡಿರುತ್ತದೆ.

ಪೂರ್ತಿ ಗುಣವಾಗುವ ದಾರಿ ಮೂಳೆಮಜ್ಜೆ ಕಸಿ. ಹೊಂದುವ ದಾನಿ ಸಿಕ್ಕರೆ, ಸೋಂಕು ಹತೋಟಿಯಲ್ಲಿದ್ದಾಗ, ಚಿಕ್ಕ ವಯಸ್ಸಿನಲ್ಲೇ ಮಾಡಿಸುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ದುಡ್ಡಿನ ಚಿಂತೆಗೆ ಒಂದು ದಾರಿ ಇದೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಸಿಜಿಡಿ ಮೊದಲ ಗುಂಪಿನಲ್ಲೇ ಇದೆ. ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿಸಿದರು. ಅರ್ಜಿ ಹೋಗಬೇಕಾದ್ದು ಗುರುತಿಸಿದ ಕೇಂದ್ರಗಳ ಮೂಲಕ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಈ ಕೆಲಸ ಮಾಡುತ್ತವೆ. ಈಗಲೇ ಹೆಸರು ಬರೆಸಿ.

ಈಗ ನಿಮ್ಮ ಮುಖದ ದದ್ದು. ಯಂತ್ರದ ಮುಖ್ಯ ಭಾಗವೊಂದರ ಜೀನ್ ಎಕ್ಸ್ ಕ್ರೋಮೋಸೋಮ್ ಮೇಲಿದೆ. ಹೆಂಗಸರಲ್ಲಿ ಎರಡು ಎಕ್ಸ್, ಪ್ರತಿ ಕಣವೂ ಅದರಲ್ಲಿ ಒಂದನ್ನು ಮಾತ್ರ ಬಳಸುತ್ತದೆ. ಒಂದು ಎಕ್ಸ್‌ನಲ್ಲಿ ದೋಷ ಇದ್ದರೆ ಕೆಲವು ಕಣ ಆಕ್ಸಿಡೆಂಟ್ ಮಾಡುತ್ತವೆ, ಕೆಲವು ಮಾಡುವುದಿಲ್ಲ. ನಾನು ಹೇಳಿದ ಆ ತಾಯಿಯ ಸ್ಲೈಡ್ ಕಪ್ಪುಬಿಳಿ ಆದದ್ದು ಹಾಗೆ. ಇಂಥವರಿಗೆ ಸೋಂಕು ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಬಿಸಿಲಿಗೆ ದದ್ದು, ಬಾಯಿಹುಣ್ಣು, ಕೀಲುನೋವು ಬರುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಆಕ್ಸಿಡೆಂಟ್ ಕಡಿಮೆಯಾದರೆ ಉರಿಯೂತ ನಿಲ್ಲುವುದಿಲ್ಲ ಎಂದೆನಲ್ಲ, ನಿಮ್ಮ ಕೆನ್ನೆಯ ಮೇಲೆ ಕಾಣುತ್ತಿರುವುದು ಬಹುಶಃ ಅದೇ. ನಿಮ್ಮದೂ ಡಿಎಚ್‌ಆರ್ ಮಾಡಿಸಿ, ಚರ್ಮದ ವೈದ್ಯರಿಗೂ ತೋರಿಸಿ. ಇದು ನಿಮ್ಮ ತಪ್ಪಿನಿಂದ ಬಂದದ್ದಲ್ಲ ಎಂದು ಮನೆಯ ಹಿರಿಯರಿಗೂ ಹೇಳಿ. ಬೇಕಿದ್ದರೆ ನನ್ನ ಈ ಉತ್ತರವನ್ನೇ ಓದಿ ಹೇಳಿ.

ತಂಗಿಗೆ ಇವತ್ತೇ ಹೇಳಿ. ಈ ದೋಷ ನಿಮಗೆ ನಿಮ್ಮ ತಾಯಿಯಿಂದ ಬಂದಿದ್ದರೆ ತಂಗಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅವರ ಡಿಎಚ್‌ಆರ್ ಗರ್ಭಿಣಿಯಾಗಿದ್ದಾಗಲೂ ಮಾಡಬಹುದು, ಬೇಕಾದ್ದು ಸ್ವಲ್ಪ ರಕ್ತ ಅಷ್ಟೇ. ಅವರ ಕಣಗಳಲ್ಲೂ ಎರಡು ಬಗೆ ಕಂಡರೆ, ಹೆರಿಗೆ ಮಾಡಿಸುವ ವೈದ್ಯರಿಗೆ ಮುಂಚೆಯೇ ಬರೆದು ಕೊಡಿ: ಗಂಡುಮಗುವಾದರೆ ಡಿಎಚ್‌ಆರ್ ಫಲಿತಾಂಶ ಬರುವವರೆಗೆ ಬಿಸಿಜಿ ಹಾಕಬಾರದು. ಮಗುವಿನ ರಕ್ತ ಅದೇ ದಿನ ಲ್ಯಾಬ್ ಸೇರಬೇಕು, ಹಳತಾದರೆ ಕಣಗಳು ಸುಮ್ಮನಾಗಿ ಪರೀಕ್ಷೆ ತಪ್ಪು ಹೇಳುತ್ತದೆ. ಶಿರಸಿಯಿಂದ ಕಳಿಸುವುದಾದರೆ ಯಾರು ಒಯ್ಯುತ್ತಾರೆ, ಯಾವ ಬಸ್ಸು ಎಂದು ಈಗಲೇ ಗೊತ್ತು ಮಾಡಿಕೊಳ್ಳಿ. ಪರೀಕ್ಷೆ ಸರಿ ಬಂದರೆ ಬಿಸಿಜಿ ಆಮೇಲೆ ಹಾಕಿಸಬಹುದು, ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಒಂದು ವರ್ಷದವರೆಗೆ ಅವಕಾಶವಿದೆ.